ರೈಲಿನ ಗಾಲಿಗೊಂದು ನಿಂಬೆಹಣ್ಣು

ಮೊನ್ನೆ ಆಯುಧಪೂಜೆಯ ಮಧ್ಯಾಹ್ನ ನಮ್ಮ ವರ್ಕ್‌ಶಾಪಿನಲ್ಲಿ ಏಳು ಜನ ಗಂಡಸರು ನೆಲದ ಮೇಲೆ ಬೋರಲು ಮಲಗಿ ಒಂದು ನಿಂಬೆಹಣ್ಣನ್ನೇ ದಿಟ್ಟಿಸುತ್ತಿದ್ದರು. ಏಳರಲ್ಲಿ ಒಬ್ಬರು ನನ್ನ ಗಂಡ. ಉಳಿದ ಆರು ಜನ ಅವರ ಹತ್ತಿರ ಕೆಲಸ ಮಾಡುವವರು. ಎಲ್ಲರೂ ಹೊಸ ಬಟ್ಟೆ ಹಾಕಿದ್ದರು.

ಯಾಕೆ ಅಂತೀರಾ? ನಾನೇ ಕಾರಣ. (ನಮ್ಮ ಮನೆಯಲ್ಲಿ ಏನೇ ನಡೆದರೂ ಕೊನೆಗೆ ನಾನೇ ಕಾರಣ ಎಂದು ತೀರ್ಮಾನವಾಗುತ್ತದೆ. ಈ ಸಲ ಅದು ನಿಜವೂ ಆಗಿತ್ತು.)

ಪೀಣ್ಯದಲ್ಲಿ ನಮ್ಮವರದ್ದೊಂದು ಪುಟ್ಟ ಯೂನಿಟ್. ನೀರಿನ ಪಂಪಿಗೆ ಬೇಕಾದ ಹಿತ್ತಾಳೆ ಬುಷ್ ಮಾಡುತ್ತಾರೆ. ವರ್ಷವಿಡೀ ಎಣ್ಣೆ, ಲೋಹದ ಪುಡಿ, ಕಿವಿ ತೂತಾಗುವ ಸದ್ದು. ಆಯುಧಪೂಜೆಯ ದಿನ ಮಾತ್ರ ಲೇತ್ ಮಷೀನಿಗೆ ಬಾಳೆಕಂದು, ಡ್ರಿಲ್ಲಿಂಗ್ ಮಷೀನಿಗೆ ಚೆಂಡುಹೂವಿನ ಹಾರ. ಸ್ಪ್ಯಾನರು, ಸುತ್ತಿಗೆ, ಅಳತೆಯ ವರ್ನಿಯರ್ ಎಲ್ಲವೂ ದೇವರ ಫೋಟೋ ಮುಂದೆ ಸಾಲಾಗಿ ಕೂತು ವಿಭೂತಿ ಬಳಿಸಿಕೊಳ್ಳುತ್ತವೆ. ಕ್ಯಾಲ್ಕುಲೇಟರಿಗೂ ಕುಂಕುಮ, ಪೊರಕೆಗೂ ಕುಂಕುಮ. ಪೂಜೆ ಮುಗಿದ ಮೇಲೆ ಮರುದಿನ ಬೆಳಗಿನವರೆಗೆ ಯಾವುದನ್ನೂ ಮುಟ್ಟುವಂತಿಲ್ಲ. (ಸ್ಕೂಟರಿಗೆ ಮಾತ್ರ ವಿನಾಯಿತಿ. ಮನೆಗೆ ಹೋಗಬೇಕಲ್ಲ?)

ನಗಬೇಡಿ. ವೈಟ್‌ಫೀಲ್ಡಿನಲ್ಲಿರುವ ನನ್ನ ನಾದಿನಿಯ ಆಫೀಸಿನಲ್ಲಿ ಲ್ಯಾಪ್‌ಟಾಪಿಗೇ ಅರಿಶಿನ ಕುಂಕುಮ ಹಚ್ಚುತ್ತಾರೆ. ಮರುದಿನ ಕೀಬೋರ್ಡಿನ ಸಂದಿಯಿಂದ ಅಕ್ಷತೆ ಕೆದಕುತ್ತಾ ಕೂರುತ್ತಾರೆ.

ಅದೇ ನಾದಿನಿ ನನ್ನ ನಾಲ್ಕು ವರ್ಷದ ಮಗಳು ಇಂಚರಾಳಿಗೆ ಹುಟ್ಟುಹಬ್ಬಕ್ಕೆ ಒಂದು ರೈಲು ಕೊಟ್ಟಿದ್ದಳು. ಮರದ ಹಳಿ, ಮರದ ಸೇತುವೆ, ಒಂದು ಕೆಂಪು ಇಂಜಿನ್. ಇಂಜಿನ್ನಿನ ಹೊಟ್ಟೆಯಲ್ಲಿ ಟಿವಿ ರಿಮೋಟಿಗೆ ಹಾಕುವಂಥ ಒಂದು ಸೆಲ್. ಹಿಂದೆ ಮೂರು ಬೋಗಿ, ಅಯಸ್ಕಾಂತದಿಂದ ಒಂದಕ್ಕೊಂದು ಅಂಟಿಕೊಂಡವು. ಸ್ವಿಚ್ ಒತ್ತಿದರೆ ಸೊಳ್ಳೆಯಂತೆ ಕುಂಯ್ ಎನ್ನುತ್ತಾ ಹೊರಡುತ್ತದೆ. ದಿನಕ್ಕೆ ಎಂಟು ಸಲ ಹಳಿ ತಪ್ಪಿ ಸೋಫಾ ಕೆಳಗೆ ಸೇರುತ್ತದೆ. ಅವಳಿಗೆ ಅದೆಂದರೆ ಪ್ರಾಣ. ಹಲ್ಲುಜ್ಜುವ ಮೊದಲೇ ಒಂದು ಟ್ರಿಪ್ ಆಗಬೇಕು.

ಪೂಜೆಯ ದಿನ ಅವಳು ಹಳಿ ಸಮೇತ ರೈಲನ್ನು ಚೀಲದಲ್ಲಿ ತುಂಬಿಸಿಕೊಂಡು ವರ್ಕ್‌ಶಾಪಿಗೆ ಬಂದಳು. ಎಲ್ಲರ ಗಾಡಿಗೂ ಪೂಜೆ ಆಗುವಾಗ ಅವಳದ್ದಕ್ಕೆ ಬೇಡವೇ? ಪುರೋಹಿತರು ದೊಡ್ಡ ಮನಸ್ಸು ಮಾಡಿ ಇಂಜಿನ್ನಿಗೂ ಒಂದು ಹೂವು ಏರಿಸಿದರು. ಆಮೇಲೆ ಹೊರಗೆ ಸ್ಕೂಟರಿನ ಗಾಲಿಯಡಿ ನಿಂಬೆಹಣ್ಣು ಇಟ್ಟು ಹತ್ತಿಸಿದೆವು. ಪಚಕ್ ಎಂದಿತು. ಯಾಕೆ ಎಂದು ಇಂಚರಾ ಕೇಳಿದಳು. ನಾನು ಬಾಯಿಗೆ ಬಂದದ್ದು ಹೇಳಿದೆ. ಹಣ್ಣು ಅಪ್ಪಚ್ಚಿಯಾದರೆ ಗಾಡಿ ಬೀಳಲ್ಲ ಕಂದಾ, ಎಂದು.

ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನೆ ಹೇಳಿಲ್ಲ. ದಿನಕ್ಕೆ ಎಂಟು ಸಲ ಬೀಳುವ ರೈಲಿನ ಒಡತಿ ಅವಳು. ಈ ಮಾತನ್ನು ಬಿಟ್ಟಾಳೆಯೇ?

ವರ್ಕ್‌ಶಾಪಿನ ನಡುವೆ ಹಳಿ ಜೋಡಿಸಿ, ಒಂದು ನಿಂಬೆಹಣ್ಣು ಇಟ್ಟು, ಇಂಜಿನ್ ಬಿಟ್ಟಳು. ಇಂಜಿನ್ ಹೋಗಿ ಹಣ್ಣಿಗೆ ಮುತ್ತು ಕೊಟ್ಟಿತು. ಹಣ್ಣು ಉರುಳಿಕೊಂಡು ಲೇತ್ ಮಷೀನಿನ ಅಡಿಗೆ ಹೋಯಿತು. ಎಲ್ಲರೂ ನಕ್ಕರು, ಇಂಚರಾ ಒಬ್ಬಳನ್ನು ಬಿಟ್ಟು. ಅವಳ ಮುಖ ನೋಡಿ ಒಬ್ಬೊಬ್ಬರೇ ನಗು ನಿಲ್ಲಿಸಿದರು.

ಆಗ ಶುರುವಾಯಿತು ನೋಡಿ ಇಂಜಿನಿಯರಿಂಗ್. ಪೀಣ್ಯದ ಗಂಡಸರ ಮುಂದೆ ಕೆಲಸ ಮಾಡದ ಒಂದು ವಸ್ತು ಇಟ್ಟರೆ ಅವರು ಊಟ ಮರೆಯುತ್ತಾರೆ. ನಮ್ಮವರು ಹಣ್ಣಿನ ಅಳತೆ ತೆಗೆಯಲು ವರ್ನಿಯರಿಗೆ ಕೈ ಚಾಚಿದರು. ಎಲ್ಲರೂ ಒಟ್ಟಿಗೆ 'ಅಯ್ಯೋ' ಎಂದರು. ಅದು ವಿಭೂತಿ ಬಳಿದುಕೊಂಡು ಕೂತಿತ್ತಲ್ಲ! ಕೈ ವಾಪಸ್ ಬಂತು. ಕೊನೆಗೆ ಬೆರಳಿನಲ್ಲೇ ಅಳೆದು, ಗಾಲಿಗಿಂತ ಹಣ್ಣು ಎರಡು ಪಟ್ಟು ದೊಡ್ಡದು ಎಂದು ಘೋಷಿಸಿದರು. ನನಗದು ಕಣ್ಣಿಗೇ ಕಂಡಿತ್ತು.

ಪರಿಸ್ಥಿತಿ ಹೇಗಿತ್ತು ಎಂದರೆ, ಸುತ್ತ ಕಬ್ಬಿಣವನ್ನೇ ಬೆಣ್ಣೆಯಂತೆ ಕತ್ತರಿಸುವ ಮಷೀನುಗಳು. ಒಂದನ್ನೂ ಮುಟ್ಟುವಂತಿಲ್ಲ. ಏಳು ಜನ ಕುಶಲಕರ್ಮಿಗಳು ಬರಿಗೈಯಲ್ಲಿ ಒಂದು ನಿಂಬೆಹಣ್ಣಿನ ಮುಂದೆ ಸೋತು ಮಲಗಿದ್ದರು.

ಬಾಗಲಕೋಟೆಯ ಸಿದ್ದಪ್ಪ ನಮ್ಮಲ್ಲಿ ಹತ್ತು ವರ್ಷದಿಂದ ಲೇತ್ ನಡೆಸುವ ಟರ್ನರ್. ಹಬ್ಬಕ್ಕೆ ಊರಿಗೆ ಹೊರಟಿದ್ದವನು ಸ್ವೀಟ್ ಬಾಕ್ಸ್ ಕಂಕುಳಲ್ಲಿ ಇಟ್ಟುಕೊಂಡೇ ನಿಂತುಬಿಟ್ಟ. "ಸಣ್ಣ ಗಾಡಿಗೆ ಸಣ್ಣ ಹಣ್ಣ ಬೇಕ್ರಿ ಅಕ್ಕಾರ," ಎಂದು ಪ್ರಸಾದದ ತಟ್ಟೆಯಿಂದ ಒಂದು ದ್ರಾಕ್ಷಿ ತಂದ. ಅದು ದ್ರಾಕ್ಷಿ, ನಿಂಬೆಹಣ್ಣಲ್ಲ ಎಂದು ಇಂಚರಾ ತಳ್ಳಿಹಾಕಿದಳು. ನಿಂಬೆಯ ಅರ್ಧ ಹೋಳು ಇಡೋಣವೇ? ಸ್ಕೂಟರಿಗೆ ಇಡೀ ಹಣ್ಣು ಇಟ್ಟಿರಲ್ಲ ಎಂದಳು.

ಇಂಜಿನ್ನಿಗೆ ತೂಕ ಸಾಲದು ಎಂದು ನಮ್ಮವರು ತೀರ್ಮಾನಿಸಿದರು. ಅದರ ಬೆನ್ನ ಮೇಲೆ ಎರಡು ಹಿತ್ತಾಳೆ ಬುಷ್ ಹೇರಿದರು. (ಬುಷ್ ಮುಟ್ಟಬಹುದಂತೆ. ಅದು ಆಯುಧವಲ್ಲ, ಮಾಲು.) ಇಂಜಿನ್ ನಿಂತಲ್ಲೇ ಮುಲುಗಿತು. ಕೊನೆಗೆ ಸ್ವೀಟ್ ಬಾಕ್ಸುಗಳನ್ನು ಪೇರಿಸಿ, ಸೇತುವೆ ಎತ್ತರಿಸಿ, ಇಳಿಜಾರು ಮಾಡಿ, ಕೆಳಗೆ ಹಣ್ಣನ್ನು ಒತ್ತಿ ಹಿಡಿದು, ರೈಲನ್ನು ಮೇಲಿಂದ ಬಿಟ್ಟರು.

ಸರ್ರನೆ ಇಳಿಯಿತು. ಹಣ್ಣಿಗೆ ಬಡಿಯಿತು. ಎಗರಿತು. ಮೂರು ಬೋಗಿ ಮೂರು ದಿಕ್ಕಿಗೆ, ಇಂಜಿನ್ ಮೂತಿ ಕೆಳಗಾಗಿ ಪ್ರಸಾದದ ಕಡ್ಲೆಪುರಿ ರಾಶಿಯೊಳಗೆ.

ಇಂಚರಾ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಪುರಿ ಕೊಡವಿ ಇಂಜಿನ್ ಎತ್ತಿಕೊಂಡಳು, ಸ್ವಿಚ್ ಆಫ್ ಮಾಡಿದಳು, ತಂದು ನನ್ನ ಕೈಗಿಟ್ಟಳು. "ಇನ್ಮೇಲೆ ಓಡ್ಸಲ್ಲ. ಒಳಗೆ ಜನ ಇದ್ದಾರೆ," ಎಂದಳು.

ಒಂದು ಬಾಯಿಮಾತಿಗೆ ಮಗು ತನ್ನ ಪ್ರಾಣದಂಥ ಆಟವನ್ನೇ ಬಿಡುತ್ತಿದೆ. ಎಲ್ಲಾ ಸುಳ್ಳು, ಆಡ್ಕೋ ಪುಟ್ಟಿ ಎಂದು ಹೇಳೋಣವೆಂದರೆ ಸುತ್ತಲೂ ವಿಭೂತಿ ಹಚ್ಚಿದ ಸುತ್ತಿಗೆಗಳು ನನ್ನನ್ನೇ ನೋಡುತ್ತಿದ್ದವು. ಯಾವ ಬಾಯಲ್ಲಿ ಹೇಳಲಿ?

ಅಷ್ಟರಲ್ಲಿ ಪ್ರಸಾದಕ್ಕೆಂದು ಚಿಕ್ಕತಾಯಮ್ಮ ಬಂದರು. ನಮ್ಮ ಶೆಡ್ಡಿನ ಓನರ್. ಲೇತ್ ಮಷೀನು ನಿಂತಿರುವ ಜಾಗದಲ್ಲಿ ಅವರು ರಾಗಿ ಕೊಯ್ದವರು. ನೆಲದ ಮೇಲಿನ ಗಂಡಸರನ್ನು ದಾಟಿಕೊಂಡು ಬಂದು, ಇಂಚರಾಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಇಡೀ ಕತೆ ಕೇಳಿಸಿಕೊಂಡರು. ಒಂದು ಸಲವೂ ನಗಲಿಲ್ಲ.

"ರೈಲ್ ಓಡ್ಸೋರು ಯಾರವ್ವಾ?"

"ನಾನು."

"ಅಂಗಾದ್ರೆ ನೀನ್ ತುಳೀಬೇಕು. ಗಾಡಿ ತಾನಾಗೇ ಬಿದ್ದದಾ? ಓಡ್ಸೋರು ಬೀಳುಸ್ತಾರೆ."

ನನಗೆ ಗಾಬರಿಯಾಯಿತು. ರಸ್ತೆಯಲ್ಲಿ ನಿಂಬೆಹಣ್ಣು ಕಂಡರೆ ತುಳಿಯಬೇಡ ಎಂದು ರೆಟ್ಟೆ ಹಿಡಿದು ಎಳೆಯುವವಳು ನಾನು. ಅದನ್ನೇ ಹೇಳಿದೆ. ಚಿಕ್ಕತಾಯಮ್ಮ ನನ್ನತ್ತ ತಿರುಗಿಯೂ ನೋಡದೆ, ಅದು ಬೇರೆಯವರು ದೃಷ್ಟಿ ತೆಗೆದು ಬಿಸಾಕಿದ್ದು, ಇದು ಈ ಮಗುವಿನ ರೈಲಿನದ್ದು ಎಂದು ಕೇಸ್ ವಜಾ ಮಾಡಿದರು.

ಇಂಚರಾ ಚಪ್ಪಲಿ ಬಿಟ್ಟು, ಹಿಮ್ಮಡಿಯಲ್ಲಿ, ಎರಡೂ ಕೈಯಿಂದ ನನ್ನ ಸೆರಗು ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ತುಳಿದಳು. ಪಚಕ್. ಏಳು ಜನ ಗಂಡಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಮೇಲೆ ರೈಲು ಬಿಟ್ಟಳು. ಈಗ ಪಕ್ಕದಲ್ಲೇ ಬಗ್ಗಿಕೊಂಡು ನಡೆಯುತ್ತಿದ್ದಳು. ಹಳಿಯ ಮೇಲಿನ ಪುರಿ ಒಂದೊಂದಾಗಿ ಹೆಕ್ಕಿದಳು. ತಿರುವು ಬಂದಾಗ ಬೆರಳು ಕೊಟ್ಟಳು. ಸೇತುವೆ ಹತ್ತುವಾಗ ಹಿಂದಿನಿಂದ ನೂಕಿದಳು. ಮೂರು ಸುತ್ತು, ಒಂದು ಸಲವೂ ಬೀಳಲಿಲ್ಲ. ನಿಂಬೆಹಣ್ಣಿನ ಮಹಿಮೆಯೋ, ಹಿಮ್ಮಡಿಯ ಮಹಿಮೆಯೋ, ನೀವೇ ಹೇಳಿ. ಸಿದ್ದಪ್ಪ ಮಾತ್ರ, ಡ್ರೈವರ್ ಚಲೋ ಅದಾರ್ರಿ ಎಂದು ಹೇಳಿ ಬಸ್ಸಿಗೆ ಓಡಿದ.

ನಾವೂ ಸ್ಕೂಟರ್ ಹತ್ತಿದೆವು. ಹ್ಯಾಂಡಲಿಗೆ ಹಾರ, ಮುಂದೆ ಇಂಚರಾ, ಹಿಂದೆ ನಾನು. ಸರ್ವಿಸ್ ರಸ್ತೆಗೆ ಬಂದಾಗ ನಮ್ಮವರು ಎಂದಿನಂತೆ ಯೂ-ಟರ್ನ್ ತನಕ ಹೋಗುವ ಗೋಜೇ ಬೇಡವೆಂದು ರಾಂಗ್ ಸೈಡಿನಲ್ಲಿ ನುಗ್ಗಿದರು. ಎದುರಿಗೆ ಬಾಳೆಕಂದು ಕಟ್ಟಿಕೊಂಡ ಲಾರಿಯೊಂದು ಹಾರ್ನ್ ಹೊಡೆಯಿತು. ಇವರೂ ವಾಪಸ್ ಹೊಡೆದರು. (ತಪ್ಪು ದಾರಿಯಲ್ಲಿ ಹೋಗುವವರಿಗೇ ಕೋಪ ಜಾಸ್ತಿ, ಗಮನಿಸಿದ್ದೀರಾ?)

ಇಂಚರಾ ಕತ್ತೆತ್ತಿ ಅಪ್ಪನ ಮುಖ ನೋಡಿದಳು.

"ಅಪ್ಪಾ, ನೀನಿನ್ನೂ ತುಳಿದೇ ಇಲ್ವಲ್ಲ, ಓಡಿಸ್ಬೋದು ಅಂತ ಯಾರು ಹೇಳಿದ್ರು?"