ಜೋಡಿ ಕುಣಿತಕ್ಕೊಬ್ಬ ಅಣ್ಣ

ಮೊನ್ನೆ ನಾಗಮಂಗಲದ ಪೇಟೆಯಲ್ಲಿ ಯಾರೋ ರಾಳ ಕುಟ್ಟುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತರಕಾರಿ ಮರೆತು ಮನೆಗೆ ಬಂದೆ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಕಾಲೇಜಿನ ದಿನಗಳಲ್ಲಿ ಶ್ರೀರಂಗಪಟ್ಟಣದ ಛತ್ರವೊಂದರಲ್ಲಿ ಬ್ಯಾಲೆ ಎಂಬ ಪಾಶ್ಚಾತ್ಯ ಕುಣಿತ ಕಲಿಯುತ್ತಿದ್ದೆ. ಮೈಸೂರಿನಿಂದ ಬರುತ್ತಿದ್ದ ಮೇಡಂ ಕಲಿಸುತ್ತಿದ್ದರು. ಶೂ ಜಾರದಿರಲೆಂದು ತುದಿಯನ್ನು ರಾಳದ ಪುಡಿಯಲ್ಲಿ ಉಜ್ಜುತ್ತಿದ್ದೆವು. ಜೋಡಿ ಕುಣಿತಕ್ಕೆ ಒಬ್ಬ ಗಂಡಸು ಬೇಕಾದ. ನಾನು ಕಾಲ್ಬೆರಳ ತುದಿಯಲ್ಲಿ ನಿಲ್ಲಬೇಕು, ಅವನು ಸೊಂಟ ಹಿಡಿದು ತಿರುಗಿಸಬೇಕು, ಎತ್ತಬೇಕು. ನಮ್ಮೂರು ಕ್ಯಾತನಹಳ್ಳಿಯಲ್ಲಿ ಪಕ್ಕದ ಮನೆಯವನು ಕಬ್ಬಿನ ಹೊರೆಯನ್ನು ಹೂವಿನಂತೆ ಟ್ರಾಕ್ಟರಿಗೆ ಎತ್ತುತ್ತಿದ್ದ. ನಾನೇ ಹೋಗಿ ಕೇಳಿದೆ. ನಕ್ಕು ಒಪ್ಪಿದ.

ಒಪ್ಪದವಳು ಅವ್ವ. ಕೊನೆಗೆ ಅವಳೇ ದಾರಿ ಹುಡುಕಿದಳು. "ಅಣ್ಣ ಅನ್ನವ್ವ ಅವನ್ನ. ಅಣ್ಣ ಸೊಂಟ ಹಿಡುದ್ರೆ ಊರ್ನೋರು ಏನಂದಾರು?"

ಕುಣಿಯುವ ಆಸೆಗೆ ಅಣ್ಣ ಅಂದೆ. ಇದು ಪ್ರೇಮಿಗಳ ಕುಣಿತ, ಕಣ್ಣಲ್ಲಿ ಕಣ್ಣಿಡಿ ಎಂದು ಮೇಡಂ ಬೈಯುತ್ತಿದ್ದರು; ಅವನು ಗೋಡೆ ನೋಡುತ್ತಿದ್ದ. ನಾನು ತುದಿಗಾಲಲ್ಲಿ ನಿಂತಾಗ ಮೆಲ್ಲಗೆ ಕೇಳುತ್ತಿದ್ದ, "ಕೈ ಬುಡ್ಲಾ?"

"ಇನ್ನೊಂಚೂರು ಇರು," ಎನ್ನುತ್ತಿದ್ದೆ. ಒಬ್ಬಳೇ ನಿಲ್ಲಲು ಬರುತ್ತಿತ್ತು... ಆದರೂ. ನನಗೆ ಅವನ ಮೇಲೆ ಮನಸ್ಸಾಗಿತ್ತು. ಅವನಿಗೂ.

ಮುಂದೆ ಅವನ ತಾಯಿ ಹೆಣ್ಣು ಕೇಳಲು ಬಂದರು. ಜಾತಿ, ಜಮೀನು ಎಲ್ಲ ಸರಿಯಿತ್ತು. ಅವ್ವ ಕಾಫಿ ಕೊಟ್ಟು ಹೇಳಿದಳು, "ಊರೆಲ್ಲ ಕೇಳ್ದಂಗೆ ಅಣ್ಣ ಅಂದವ್ಳೆ ಕಣಕ್ಕ. ಈಗ ಗಂಡ ಅನ್ನು ಅಂದ್ರೆ ಆಯ್ತದಾ?" ಆ ತಾಯಿಗೂ ಅದು ಸರಿ ಎನಿಸಿಬಿಟ್ಟಿತು. ನಾನು ನಡುಮನೆಯಲ್ಲಿ ಅತ್ತಿಂದಿತ್ತ ತಿರುಗುತ್ತಲೇ ಇದ್ದೆ.

ಬೇರೆ ಕಡೆ ಮದುವೆಯಾಗಿ ಇಲ್ಲಿ ನಾಗಮಂಗಲಕ್ಕೆ ಬಂದೆ. ಪ್ರತಿ ಗೌರಿ ಹಬ್ಬಕ್ಕೂ ಅವನು ಬಾಗಿನ ತಂದು, ಉಂಡು, ಸಂಜೆ ಬಸ್ಸಿಗೆ ಹೋಗುತ್ತಿದ್ದ. ಒಡಹುಟ್ಟಿದವರೂ ಇಷ್ಟು ನೇಮದಿಂದ ಬರುವುದಿಲ್ಲ ಎಂದು ಓರಗಿತ್ತಿಯರು ಹೊಗಳಿದರೆ ನನಗೆ ಮೈ ಉರಿಯುತ್ತಿತ್ತು. ಆದರೂ ಹಬ್ಬದ ಬೆಳಿಗ್ಗೆ ಮತ್ತೆ ಮತ್ತೆ ಬೀದಿಗೆ ಬಂದು ನೋಡುತ್ತಿದ್ದೆ.

ಈ ಯುಗಾದಿ ಕಳೆದ ಮೇಲೆ ಎದೆನೋವಿನಿಂದ ತೀರಿಕೊಂಡ. ಶವದ ಬಳಿ ಹೆಂಗಸರು, "ತಂಗಿ ಬಂದ್ಲು, ದಾರಿ ಬುಡಿ," ಎಂದರು. ತಂಗಿಯಂತೆಯೇ ಅತ್ತು ಬಂದೆ.

ನಾಡಿದ್ದು ಗೌರಿ ಹಬ್ಬ. ನಿನ್ನೆ ನಮ್ಮ ಯಜಮಾನರು ಪಕ್ಕದಲ್ಲಿ ಕೂತು, "ನಿಮ್ಮಣ್ಣ ಇಲ್ಲ ಅಂತ ಕೊರಗ್ಬ್ಯಾಡ. ಈ ಸಲ ಬಾಗಿನದ ಸೀರೆ ನಾನೇ ತತ್ತೀನಿ," ಎಂದರು. ಒಳ್ಳೆಯ ಮನುಷ್ಯ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಒಳಗೆ ಹೋದೆ. ಒಲೆ ಹಚ್ಚಿರಲಿಲ್ಲ.