ರಾಕ್ಷಸನಿಗೆ ಕೈಮುಗಿದವರು

ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಪೌರಾಣಿಕ ನಾಟಕಕ್ಕೆ ಬಣ್ಣ ಹಚ್ಚುತ್ತಿದ್ದೆ. ದೇವರ ಪಾತ್ರದವನ ಮುಖಕ್ಕೆ ನೀಲಿ ಬಳಿದು ಕೂರಿಸಿ, ರಾಕ್ಷಸನ ಕೆನ್ನೆಗೆ ಕೆಂಪು ಗೆರೆ ಎಳೆದೆ. ನೋಡಲು ಬಂದಿದ್ದ ಜಪಾನಿನ ಹೆಂಗಸು ರಾಕ್ಷಸನಿಗೇ ಬಗ್ಗಿ ಕೈಮುಗಿದರು! ಪ್ರತಿ ವರ್ಷವೂ ತನಗೆ ರಾಕ್ಷಸನ ಪಾತ್ರವೇ ಅಂತ ಮುನಿಸಿಕೊಂಡಿದ್ದ, ಟ್ರಾಕ್ಟರು ಓಡಿಸುವ ಶಿವಣ್ಣ ಕಕ್ಕಾಬಿಕ್ಕಿಯಾದ.

“ಇವ್ನು ರಾಕ್ಷಸ ಕಣವ್ವ,” ಅಂದೆ.

ಜೊತೆಗಿದ್ದ ಗೈಡು ಅವರನ್ನು ಕೇಳಿ ಹೇಳಿದ: “ಅವ್ರ ಕಬುಕಿ ನಾಟಕದಲ್ಲಿ ಕೆಂಪು ಗೆರೆ ಅಂದ್ರೆ ಬಿಸಿರಕ್ತದ ಧೀರನಂತೆ. ನೀಲಿ ಗೆರೆ ಕೇಡಿಗನಿಗಂತೆ.”

ಶಿವಣ್ಣ ಮೀಸೆ ತಿರುವಿದ. “ಕಣ್ಣಿರೋರು ಕಂಡವ್ರೆ ಬುಡಣ್ಣೋ. ಇನ್ನೊಂದು ಗೆರೆ ಎಳಿ.”

ಎಳೆದೆ. ಅಷ್ಟರಲ್ಲಿ ಮೂಲೆಯಲ್ಲಿದ್ದ ದೇವರು ಕನ್ನಡಿ ಕೆಳಗಿಟ್ಟು ಮೆಲ್ಲಗೆ ಕೇಳಿತು: “ಅಣ್ಣ, ನಂಗೂ ವಸಿ ಕೆಂಪು ಹಚ್ಬುಡ್ತೀಯಾ?”