ಬಿಸಿಲು ಖೋಲಿಯ ಗೆರೆ

ನಾನು ಮೂವತ್ತು ವರ್ಷ ಭೌತವಿಜ್ಞಾನ ಕಲಿಸಿದವನು. ಬಾಗಿಲಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ ಹೆಂಡತಿಯನ್ನು ಮಕ್ಕಳೆದುರೇ ಗೇಲಿ ಮಾಡಿದವನು. ಯಾರಾದರೂ ‘ಕಣ್ಣಾರೆ ಕಂಡೆ’ ಎಂದರೆ, ಕಣ್ಣನ್ನು ನಂಬಿ ಕೆಟ್ಟವರೇ ಹೆಚ್ಚು ಎನ್ನುತ್ತಿದ್ದೆ. ಈಗ ನಾನೇ ಕಣ್ಣಾರೆ ಕಂಡೆ ಎನ್ನಬೇಕಾಗಿದೆ. ನೀವು ನಕ್ಕರೆ ನನ್ನ ತಕರಾರಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಚಿಕ್ಕೋಡಿಯಿಂದ ರಾಯಬಾಗದ ಕಡೆ ಹೋಗುವ ದಾರಿಯಲ್ಲಿದ್ದ ನಮ್ಮ ಕಾಲೇಜಿನ ಅಂಗಳದಲ್ಲಿ ಹಳೆಯದೊಂದು ಕಲ್ಲಿನ ಕೋಣೆಯಿತ್ತು. ಹಿಂದಿನ ಕಾಲದ ವಿಜ್ಞಾನ ಮಾಸ್ತರರೊಬ್ಬರು ಮುಂದೆ ನಿಂತು ಕಟ್ಟಿಸಿದ್ದರಂತೆ. ಅದಕ್ಕೆ ಕಿಟಕಿಯಿಲ್ಲ. ಚಾವಣಿಯಲ್ಲಿ ಬೆರಳು ಹೋಗುವಷ್ಟು ಒಂದು ತೂತು, ನೆಲದಲ್ಲಿ ಉತ್ತರ ದಕ್ಷಿಣವಾಗಿ ಕೂರಿಸಿದ ಹಿತ್ತಾಳೆಯ ಗೆರೆ. ತೂತಿನಿಂದ ಇಳಿದ ಬಿಸಿಲಿನ ಬಿಲ್ಲೆ ಮೆಲ್ಲಗೆ ಸರಿಯುತ್ತ ಬಂದು ಗೆರೆಯ ಮೇಲೆ ಕೂತಿತೆಂದರೆ ನಡುಮಧ್ಯಾಹ್ನ. ಜನ ಅದನ್ನು ಬಿಸಿಲು ಖೋಲಿ ಎನ್ನುತ್ತಿದ್ದರು. ಕಾಲೇಜಿನ ಸಿಪಾಯಿ ಭೀಮಣ್ಣ ಆ ಬಿಲ್ಲೆ ನೋಡಿಯೇ ಗಂಟೆ ಬಾರಿಸುತ್ತಿದ್ದ. ಆಫೀಸಿನ ಗಡಿಯಾರಕ್ಕೆ ಮೂರು ಕಾಸಿನ ಕಿಮ್ಮತ್ತು ಕೊಡುತ್ತಿರಲಿಲ್ಲ. ಸುತ್ತಲಿನ ತಂಬಾಕಿನ ಹೊಲದವರು ಆ ಗಂಟೆ ಕೇಳಿ ಬುತ್ತಿ ಬಿಚ್ಚುತ್ತಿದ್ದರು.

ಹೊಸ ಕಟ್ಟಡಕ್ಕೆ ಜಾಗ ಬೇಕಾಯಿತು. ಖೋಲಿ ಕೆಡವಬಾರದೆಂದು ಹಳೆಯ ವಿದ್ಯಾರ್ಥಿಗಳು ಕೆಲವರು ಪಟ್ಟು ಹಿಡಿದರು. ಅದರಲ್ಲಿ ಏನಾದರೂ ವಿಜ್ಞಾನವಿದೆಯೇ ಎಂದು ನಾನು ಬರೆದುಕೊಡಬೇಕೆಂದಾಯಿತು. ಕೆಡವಿದರೆ ಅಲ್ಲೇ ದೊಡ್ಡ ಪ್ರಯೋಗಶಾಲೆ, ಅದರ ಯಜಮಾನಿಕೆ ನನಗೆ ಎಂದು ಪ್ರಿನ್ಸಿಪಾಲರು ಮೊದಲೇ ಕಿವಿಗೆ ಹಾಕಿದ್ದರು. ಭೀಮಣ್ಣ ಮನೆಗೇ ಬಂದ.

“ಸರ, ನಾ ಕಲತಾಂವಲ್ಲ. ನೀವು ನಾಕ ಸಾಲ ಚೊಲೋ ಬರದ್ರ ಖೋಲಿ ಉಳೀತೈತ್ರಿ.”

“ಇದ್ದದ್ದ ಇದ್ದಂಗ ಬರೀತೇನಪಾ” ಎಂದೆ.

ರೇಡಿಯೋಗೆ ಹೊಂದಿಸಿದ ಕೈಗಡಿಯಾರ ಹಿಡಿದು ಗೆರೆಯ ಪಕ್ಕ ನಿಂತೆ. ಫೆಬ್ರವರಿ ತಿಂಗಳು. ಬಿಲ್ಲೆ ಗೆರೆಗೆ ಬಂದಾಗ ಹನ್ನೆರಡು ನಲವತ್ತಾರು. ‘ಮುಕ್ಕಾಲು ಗಂಟೆ ತಪ್ಪು ತೋರಿಸುತ್ತದೆ, ಉಪಯೋಗವಿಲ್ಲ’ ಎಂದು ಬರೆದು ಸಹಿ ಹಾಕಿದೆ. ಅದು ತಪ್ಪಲ್ಲವೆಂದು ನನಗೆ ಗೊತ್ತಿತ್ತು. ರೇಡಿಯೋದ ಸಮಯ ಇಡೀ ದೇಶಕ್ಕೆ ಒಂದೇ. ಪಶ್ಚಿಮದ ಅಂಚಿನಲ್ಲಿರುವ ನಮಗೆ ಸೂರ್ಯನ ಮಧ್ಯಾಹ್ನ ತಡವಾಗಿಯೇ ಆಗಬೇಕು, ಫೆಬ್ರವರಿಯಲ್ಲಿ ಇನ್ನಷ್ಟು ತಡ. ಇದನ್ನೇ ನಾನು ಪ್ರತಿವರ್ಷ ಹಲಗೆಯ ಮೇಲೆ ಚಿತ್ರ ಬರೆದು ಕಲಿಸುತ್ತಿದ್ದೆ. ಈಗ ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಎರಡು ದಿನದಲ್ಲಿ ಖೋಲಿ ನೆಲಸಮವಾಯಿತು. ಭೀಮಣ್ಣನ ನೌಕರಿಯೂ ಆ ವರ್ಷವೇ ಮುಗಿದು ಅವನು ತನ್ನೂರು ಪಾಲಬಾವಿಗೆ ಹೋದ.

ಎರಡು ವರ್ಷದ ಮೇಲೆ, ಮತ್ತೆ ಫೆಬ್ರವರಿ. ಅದೇ ಜಾಗದಲ್ಲಿ ಎದ್ದ ನನ್ನ ಪ್ರಯೋಗಶಾಲೆಯಲ್ಲಿ ಮಸೂರದ ಪಾಠ ಮಾಡುತ್ತಿದ್ದೆ. ಕಪ್ಪು ಪರದೆ ಎಳೆದು ಕೋಣೆ ಕತ್ತಲು ಮಾಡಿದ್ದೆವು. ಮೇಲೆ ಇನ್ನೆರಡು ಅಂತಸ್ತಿದ್ದವು. ಮುಂದಿನ ಸಾಲಿನ ಹುಡುಗಿಯೊಬ್ಬಳು ತಟ್ಟನೆ ಕಾಲೆತ್ತಿಕೊಂಡಳು.

“ಸರ, ಇದೆಲ್ಲಿಂದ ಬಿಸಲ ಬರಾಕತ್ತೈತ್ರಿ?”

ಅವಳ ಚಪ್ಪಲಿಯ ಪಕ್ಕ ರೂಪಾಯಿ ಅಗಲದ ಬೆಳಕಿನ ಬಿಲ್ಲೆ ಸರಿಯುತ್ತಿತ್ತು. ಕನ್ನಡಿ ಹಿಡಿದವರು ಯಾರೆಂದು ಗದರಿದೆ. ಯಾರ ಕೈಯಲ್ಲೂ ಏನೂ ಇರಲಿಲ್ಲ. ಬಗ್ಗಿ ಅಂಗೈ ಒಡ್ಡಿದೆ. ಬಿಲ್ಲೆ ಅಂಗೈಯ ಮೇಲೆ ಬಂತು, ಬೆಚ್ಚಗಿತ್ತು. ಕೈ ತೆಗೆದಾಗ ಅದು ಇನ್ನೂ ಗೇಣಷ್ಟು ಸರಿದು, ಒಂದು ಕಡೆ ನಿಂತು, ಇಲ್ಲವಾಯಿತು. ಗಡಿಯಾರ ನೋಡಿದೆ. ಹನ್ನೆರಡು ನಲವತ್ತಾರು.

ಚಾವಣಿ, ಪರದೆ, ಬಾಗಿಲ ಸಂದು ಎಲ್ಲ ತಡಕಿದೆ. ಮರುದಿನ ಅದೇ ಹೊತ್ತಿಗೆ ಕಾದೆ, ಅದರ ಮರುದಿನವೂ ಕಾದೆ. ಏನೂ ಬರಲಿಲ್ಲ.

ಆ ಭಾನುವಾರ ಪಾಲಬಾವಿಗೆ ಹೋದೆ. ಭೀಮಣ್ಣ ಎಮ್ಮೆಯ ಮೈ ತೊಳೆಯುತ್ತಿದ್ದ. ನಾನು ಹೇಳಿದ್ದನ್ನೆಲ್ಲ ನಗದೆ, ಬೆರಗಾಗದೆ ಕೇಳಿದ.

“ಎಷ್ಟಕ್ಕ ನಿಂತಿತ್ರಿ?”

“ಹನ್ನೆರಡು ನಲವತ್ತಾರಕ್ಕ.”

“ಮಾಘ ಮಾಸದಾಗ ಬರೋಬರಿ ಐತ್ರಿ” ಎಂದ. ಆಮೇಲೆ, “ತಪ್ಪ ತೋರಸ್ತೈತಿ ಅಂತ ನೀವು ಬರದೀರಿ ಅಂತ ಯಾರೋ ಓದಿ ಹೇಳಿದ್ರು. ನಾ ನಂಬ್ಲಿಲ್ರಿ” ಎಂದ.

ಹೌದು, ಬರೆದೆ ಎನ್ನಬೇಕಿತ್ತು. ಅವನೇ ಮತ್ತೆ ಕೇಳಿದ.

“ಗಂಟಿ ಯಾರ ಬಾರಿಸಿದ್ರಿ?”

“ಯಾರೂ ಇಲ್ಲ.”

ಅವನ ಮುಖ ಸಣ್ಣದಾಯಿತು. “ಅಯ್ಯ ಸರ, ನೀವ ಅಲ್ಲೇ ಇದ್ರೆಲ್ರಿ” ಎಂದು ಎಮ್ಮೆಯ ಕಡೆ ತಿರುಗಿದ.

ಆ ಬಿಲ್ಲೆ ಎಲ್ಲಿಂದ ಬಂತೆಂದು ನನಗೆ ಇಂದಿಗೂ ತಿಳಿದಿಲ್ಲ. ನಾನು ಮಾತ್ರ ಕಂಡಿದ್ದರೆ ಕಣ್ಣಿನ ಭ್ರಮೆ ಎಂದು ಬಿಟ್ಟುಬಿಡುತ್ತಿದ್ದೆ. ಆ ಹುಡುಗಿಯೂ ಕಂಡಿದ್ದಳು. ತಿಳಿದಿರುವುದು ಇಷ್ಟೇ: ಅದು ಸರಿಯಾದ ಹೊತ್ತಿಗೆ ಬಂದಿತ್ತು, ಗಂಟೆ ಹೊರಗೆ ಪಡಸಾಲೆಯಲ್ಲೇ ತೂಗುತ್ತಿತ್ತು, ನಾನು ಗಡಿಯಾರ ನೋಡುತ್ತ ನಿಂತಿದ್ದೆ.